ಗಡಿಯಾರ ನಮ್ಮದು, ಹೊಟ್ಟೆ ಅವರದು

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮಕ್ಕಳ ಓದು, ಮೊಬೈಲು, ಹಟ ಇವೆಲ್ಲ ಇದ್ದೇ ಇರುತ್ತವೆ. ಆದರೆ ಮತ್ತೆ ಮತ್ತೆ ಬರುವ ದೂರು ಒಂದೇ: ‘ಮಗು ಊಟ ಮಾಡಲ್ಲ.’ ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರೂ ಇದನ್ನೇ ಹೇಳುತ್ತಾರೆ, ಬಸ್ಸಿನಲ್ಲಿ ಜೊತೆಗೆ ಸಿಕ್ಕವರೂ ಇದನ್ನೇ ಹೇಳುತ್ತಾರೆ. ಮಾತು ಸ್ವಲ್ಪ ಮುಂದುವರಿದರೆ ಇನ್ನೊಂದು ದೂರು ಹೊರಬೀಳುತ್ತದೆ: ‘ಇಡೀ ದಿನ ಏನಾದ್ರೂ ಬಾಯಾಡಿಸ್ತಾನೇ ಇರ್ತಾನೆ, ಊಟಕ್ಕೆ ಕರೆದ್ರೆ ಮಾತ್ರ ಬೇಡ ಅಂತಾನೆ.’ ಎರಡೂ ಒಂದೇ ಬಾಯಿಂದ ಬರುತ್ತವೆ. ಎರಡನೆಯ ದೂರೇ ಮೊದಲನೆಯದಕ್ಕೆ ಉತ್ತರ ಎಂಬುದು ಮಾತ್ರ ಹೇಳುವವರಿಗೆ ಹೊಳೆದಿರುವುದಿಲ್ಲ.

ಮೊನ್ನೆ ನನ್ನ ತಂಗಿಯ ಮಗಳು ಫೋನ್ ಮಾಡಿ ಇದೇ ರಾಗ ಎಳೆದಳು. ಅವಳ ಮಗನಿಗೆ ನಾಲ್ಕು ವರ್ಷ. ‘ದೊಡ್ಡಮ್ಮ, ಇವನು ಏನೂ ತಿನ್ನಲ್ಲ’ ಅಂದಳು. ‘ಬೆಳಿಗ್ಗೆಯಿಂದ ಅವನ ಬಾಯಿಗೆ ಹೋದದ್ದನ್ನೆಲ್ಲ ಹೇಳು ನೋಡೋಣ’ ಅಂದೆ. ಎದ್ದ ಕೂಡಲೇ ಪುಡಿ ಹಾಕಿದ ಒಂದು ದೊಡ್ಡ ಲೋಟ ಹಾಲು. ಆಮೇಲೆ ಅರ್ಧ ದೋಸೆ, ಅದೂ ಟಿವಿ ಮುಂದೆ. ಹತ್ತು ಗಂಟೆಗೆ ಅಜ್ಜನ ಕಾಫಿ ಜೊತೆ ಎರಡು ಬಿಸ್ಕತ್ತು. ಹನ್ನೊಂದಕ್ಕೆ ಅಳು ನಿಲ್ಲಿಸಲು ಒಂದು ಚಾಕೊಲೇಟು. ಹನ್ನೆರಡೂವರೆಗೆ ಪಕ್ಕದ ಮನೆಯವರು ಕೊಟ್ಟ ಚಕ್ಕುಲಿ. ಒಂದು ಗಂಟೆಗೆ ಅನ್ನ ಸಾರು ಕಲಸಿಕೊಂಡು ಇವಳು ಅವನ ಹಿಂದೆ ಓಡಿದ್ದು. ಪಟ್ಟಿ ಮುಗಿಯುವಷ್ಟರಲ್ಲಿ ಅವಳಿಗೇ ನಗು ಬಂತು. ‘ಇಷ್ಟೆಲ್ಲ ತಿಂದ್ರೆ ನನಗೂ ಊಟ ಸೇರಲ್ಲ ದೊಡ್ಡಮ್ಮ!’

ಇಲ್ಲಿ ಇನ್ನೊಂದು ಸಂಗತಿಯೂ ಸೇರಿಕೊಂಡಿರುತ್ತದೆ. ಮೊದಲ ಹುಟ್ಟುಹಬ್ಬದ ಹೊತ್ತಿಗೆ ಮಗುವಿನ ತೂಕ ಹುಟ್ಟಿದಾಗಿನ ಸುಮಾರು ಮೂರು ಪಟ್ಟಾಗಿರುತ್ತದೆ. ಮೂರು ಕಿಲೋ ಇದ್ದ ಕೂಸು ಒಂಬತ್ತು ಕಿಲೋ ತೂಗುತ್ತದೆ. ಅದೇ ವೇಗದಲ್ಲಿ ಬೆಳೆದರೆ ಎರಡನೇ ವರ್ಷಕ್ಕೆ ಇಪ್ಪತ್ತೇಳು ಕಿಲೋ ಆಗಬೇಕಾಗುತ್ತಿತ್ತು. ಪುಣ್ಯಕ್ಕೆ ಹಾಗಾಗುವುದಿಲ್ಲ. ಎರಡು ದಾಟಿದ ಮೇಲೆ ಮಕ್ಕಳ ತೂಕ ಏರುವುದು ವರ್ಷಕ್ಕೆ ಹೆಚ್ಚುಕಡಿಮೆ ಎರಡೇ ಕಿಲೋ. ಬೆಳವಣಿಗೆ ನಿಧಾನವಾದಾಗ ಹಸಿವೂ ಇಳಿಯುತ್ತದೆ. ಕೂಸಾಗಿದ್ದಾಗ ಕೊಟ್ಟಿದ್ದನ್ನೆಲ್ಲ ತಿನ್ನುತ್ತಿದ್ದ ಮಗು ಮೂರನೇ ವರ್ಷಕ್ಕೆ ಮುಖ ತಿರುಗಿಸುವುದು ಬಹುಮಟ್ಟಿಗೆ ಈ ಕಾರಣಕ್ಕೆ. ಇದೇ ವಯಸ್ಸಿನಲ್ಲಿ ಹೊಸ ರುಚಿ, ಹೊಸ ಬಣ್ಣ ಕಂಡರೆ ಅಂಜುವ ಸ್ವಭಾವವೂ ಶುರುವಾಗುತ್ತದೆ. ಎರಡರಿಂದ ಆರು ವರ್ಷದವರೆಗೆ ಅದರ ಕಾಟ ಜೋರು. ಅಂದರೆ ತಾಯಿಗೆ ಕಾಯಿಲೆಯಂತೆ ಕಾಣುವುದರಲ್ಲಿ ಹೆಚ್ಚಿನ ಪಾಲು ವಯಸ್ಸಿನ ಗುಣ. ನಾವು ಹೆದರಿ, ಊಟ ಬಿಟ್ಟ ಮಗುವಿಗೆ ‘ಪಾಪ, ಏನೂ ತಿಂದಿಲ್ಲ’ ಎಂದು ಅರ್ಧ ಗಂಟೆಗೆ ಬಿಸ್ಕತ್ತು ಕೊಡುತ್ತೇವೆ. ಇದ್ದ ಚೂರು ಹಸಿವೂ ಅಲ್ಲಿಗೆ ಸಾಯುತ್ತದೆ.

ಮಕ್ಕಳ ಊಟಕ್ಕೆ ಮನೆಯಲ್ಲಿ ನಿಯಮ ಬೇಕೇ ಎಂದು ಕೇಳಿದರೆ ಬೇಕೇ ಬೇಕು ಎನ್ನುತ್ತೇನೆ. ತೊಂದರೆಯೆಂದರೆ, ನಾವು ಬಿಗಿ ಹಿಡಿಯುವುದು ಬಿಡಬೇಕಾದ ಕಡೆ, ಬಿಡುವುದು ಬಿಗಿ ಹಿಡಿಯಬೇಕಾದ ಕಡೆ. ‘ತಟ್ಟೆ ಖಾಲಿಯಾಗಬೇಕು’, ‘ಇನ್ನು ನಾಲ್ಕು ತುತ್ತು ತಿನ್ನಲೇಬೇಕು’ ಎಂದು ಎಷ್ಟು ಎನ್ನುವುದರಲ್ಲಿ ಕಟ್ಟುನಿಟ್ಟು. ಯಾವಾಗ ತಿನ್ನಬೇಕು, ಎಲ್ಲಿ ಕೂತು ತಿನ್ನಬೇಕು, ಮನೆಯಲ್ಲಿ ಏನಿರಬೇಕು ಎನ್ನುವುದೆಲ್ಲ ಮಗುವಿನ ಮರ್ಜಿ. ಇದನ್ನು ತಿರುಗಿಸಿ ಹಾಕಿದರೆ ಅರ್ಧ ಜಗಳ ತಾನಾಗಿ ಮುಗಿಯುತ್ತದೆ.

ಇದು ನನ್ನ ಸ್ವಂತ ಬುದ್ಧಿಯೇನಲ್ಲ. ಎಲಿನ್ ಸ್ಯಾಟರ್ ಎಂಬ ಅಮೆರಿಕದ ಆಹಾರತಜ್ಞೆ 1980ರ ದಶಕದಿಂದ ಇದನ್ನು ಹೇಳುತ್ತ ಬಂದಿದ್ದಾರೆ. ಅವರ ಲೆಕ್ಕ ಸರಳ. ಏನು, ಯಾವಾಗ, ಎಲ್ಲಿ ಎಂಬುದು ಹೆತ್ತವರ ಜವಾಬ್ದಾರಿ. ತಿನ್ನಬೇಕೋ ಬೇಡವೋ, ತಿಂದರೆ ಎಷ್ಟು ಎಂಬುದು ಮಗುವಿನ ಜವಾಬ್ದಾರಿ. ಒಬ್ಬರು ಇನ್ನೊಬ್ಬರ ಗಡಿಯೊಳಗೆ ಕಾಲಿಡಬಾರದು. ಮಕ್ಕಳ ವೈದ್ಯರು ಇದನ್ನು ಇಂದಿಗೂ ಬಳಸುತ್ತಾರೆ. ನಮ್ಮಲ್ಲಿ ಇದನ್ನು ಹೇಳಿದರೆ ಮಾತ್ರ ಮೊದಲು ಎದುರಾಗುವುದು ಅಪನಂಬಿಕೆ. ‘ಮಗುವಿಗೆ ಬಿಟ್ಟರೆ ಒಂದು ಹೊತ್ತೂ ತಿನ್ನಲ್ಲ, ಅದಕ್ಕೇನು ಗೊತ್ತಾಗುತ್ತೆ?’

ಮಗುವಿಗೆ ಗೊತ್ತಾಗುತ್ತದೆಯೇ ಎಂದು ಸುಮಾರು ನೂರು ವರ್ಷಗಳ ಹಿಂದೆಯೇ ಒಬ್ಬರು ಪರೀಕ್ಷೆ ಮಾಡಿ ನೋಡಿದ್ದಾರೆ. ಕ್ಲಾರಾ ಡೇವಿಸ್ ಎಂಬ ಅಮೆರಿಕದ ಮಕ್ಕಳ ವೈದ್ಯೆ ಆಗಷ್ಟೇ ಹಾಲು ಬಿಡಿಸಿದ ಹದಿನೈದು ಕೂಸುಗಳ ಮುಂದೆ, ಹೊತ್ತು ಹೊತ್ತಿಗೆ ತಟ್ಟೆ ತುಂಬ ಬಗೆಬಗೆಯ ಆಹಾರ ಇಡಿಸಿದರು. ಧಾನ್ಯ, ತರಕಾರಿ, ಹಣ್ಣು, ಹಾಲು, ಮೊಟ್ಟೆ, ಮಾಂಸ ಹೀಗೆ ಪಟ್ಟಿಯಲ್ಲಿ ಒಟ್ಟು 34 ಪದಾರ್ಥ. ನರ್ಸುಗಳಿಗೆ ಒಂದೇ ಆಜ್ಞೆ: ಮಗು ಬೆರಳು ತೋರಿಸಿದ್ದನ್ನು ಕೊಡಿ, ಒತ್ತಾಯವೂ ಬೇಡ, ಹೊಗಳಿಕೆಯೂ ಬೇಡ. ಮಕ್ಕಳು ಒಂದು ದಿನ ಒಂದರ ಮೇಲೆ ಬಿದ್ದರು, ಇನ್ನೊಂದು ದಿನ ಅದನ್ನು ಮುಟ್ಟಲಿಲ್ಲ. ಒಬ್ಬರು ತಿಂದ ಹಾಗೆ ಇನ್ನೊಬ್ಬರು ತಿನ್ನಲಿಲ್ಲ. ಆದರೂ ತಿಂಗಳುಗಳ ಲೆಕ್ಕದಲ್ಲಿ ಎಲ್ಲರೂ ಚೆನ್ನಾಗಿಯೇ ಬೆಳೆದರು. 1939ರಲ್ಲಿ ಈ ಪ್ರಯೋಗದ ಬಗ್ಗೆ ಬರೆಯುವಾಗ ಆ ತಾಯಿಯೇ ಗುಟ್ಟು ಬಿಟ್ಟುಕೊಟ್ಟರು. ಎಲ್ಲ ಕರಾಮತ್ತು ಇದ್ದದ್ದು ಆ ಪಟ್ಟಿಯಲ್ಲಿ. ಅದರಲ್ಲಿ ಸಕ್ಕರೆ ಇರಲಿಲ್ಲ, ಮೈದಾ ಇರಲಿಲ್ಲ, ಡಬ್ಬಿಯ ತಿಂಡಿ ಇರಲಿಲ್ಲ. ಪಟ್ಟಿ ಮಾಡಿದವರು ದೊಡ್ಡವರು, ಅದರೊಳಗಿಂದ ಆರಿಸಿಕೊಂಡವರು ಮಕ್ಕಳು. ಮನೆಯ ನಿಯಮವೂ ಇದೇ ಆಗಬೇಕು.

ಮೊದಲು ‘ಯಾವಾಗ’ ಎಂಬುದನ್ನು ನೋಡೋಣ, ಏಕೆಂದರೆ ನನ್ನ ಅನುಭವದಲ್ಲಿ ಅದು ಸರಿಹೋದರೆ ಉಳಿದದ್ದು ಹಿಂದೆಯೇ ಸರಿಹೋಗುತ್ತದೆ. ಎರಡು ವರ್ಷ ದಾಟಿದ ಮಗುವಿಗೆ ದಿನಕ್ಕೆ ಮೂರು ಊಟ, ನಡುವೆ ಒಂದೆರಡು ತಿಂಡಿ ಸಾಕು. ಎರಡು ಹೊತ್ತಿನ ನಡುವೆ ಎರಡೂವರೆ, ಮೂರು ಗಂಟೆ ಬಿಡುವು ಇರಬೇಕು. ಆ ಬಿಡುವಿನಲ್ಲಿ ನೀರು ಎಷ್ಟಾದರೂ ಕುಡಿಯಲಿ, ಬೇರೇನೂ ಬೇಡ. ‘ಹಸಿವು’ ಎಂದು ಬಂದರೆ ‘ಹೌದಾ, ಒಳ್ಳೆಯದಾಯ್ತು, ಇನ್ನು ಸ್ವಲ್ಪ ಹೊತ್ತಿಗೆ ಊಟ’ ಎಂದರಾಯಿತು. ಹಸಿವು ಎಂದ ಕೂಡಲೇ ಡಬ್ಬದ ಕಡೆ ಓಡುವ ಅಭ್ಯಾಸ ನಮ್ಮಲ್ಲಿದೆ. ಅರ್ಧ ಗಂಟೆ ಹಸಿವು ತಾಳಿಕೊಳ್ಳುವುದು ದೊಡ್ಡ ಮಗುವಿಗೆ ಕಷ್ಟವೇನಲ್ಲ. ಹಸಿದು ಕೂತಾಗ ತಿಳಿಸಾರಿಗೂ ರುಚಿ ಬರುತ್ತದೆ ಎಂಬುದು ಮಕ್ಕಳಿಗೆ ಗೊತ್ತಾಗಲು ಮೊದಲು ಹಸಿವು ಎಂದರೇನೆಂದು ಗೊತ್ತಾಗಬೇಕಲ್ಲ.

ನಮ್ಮ ಊರುಗಳ ದಿನಚರಿಯಲ್ಲಿ ಎಡವಟ್ಟಾಗುವುದು ಸಂಜೆ. ಶಾಲೆಯಲ್ಲಿ ಹನ್ನೆರಡೂವರೆ, ಒಂದಕ್ಕೆ ಡಬ್ಬಿ ಮುಗಿಸಿದ ಮಗು ಮನೆಗೆ ಬರುವುದು ನಾಲ್ಕು, ನಾಲ್ಕೂವರೆಗೆ. ಇಡೀ ದಿನದಲ್ಲಿ ಅದಕ್ಕೆ ಬಹಳ ಹಸಿವಾಗಿರುವ ಹೊತ್ತು ಅದೇ. ಆಗ ಏನು ಕೊಡುತ್ತೇವೆ? ಚಿಪ್ಸು, ಬಿಸ್ಕತ್ತು, ರಸ್ಕು, ಎರಡು ನಿಮಿಷದ ನೂಡಲ್ಸು. ಆಮೇಲೆ ಟ್ಯೂಷನ್ನು, ಆಟ, ಹೋಂವರ್ಕು. ಅಪ್ಪ ಬಂದ ಮೇಲೆ ಒಂಬತ್ತು ಗಂಟೆಗೆ, ಕಣ್ಣು ಎಳೆಯುತ್ತಿರುವ ಮಗುವಿನ ಮುಂದೆ ಪಲ್ಯ, ಸೊಪ್ಪಿನ ಸಾರು, ಮುದ್ದೆ ಇಟ್ಟು ‘ತಿನ್ನು’ ಎಂದು ಗದರುತ್ತೇವೆ. ಹಸಿವಿನ ಹೊತ್ತಿಗೆ ಕುರುಕಲು, ನಿದ್ದೆಯ ಹೊತ್ತಿಗೆ ಊಟ! ಇದನ್ನು ಅದಲು ಬದಲು ಮಾಡಿ ನೋಡಿ. ನಾಲ್ಕೂವರೆಗೆ ತಟ್ಟೆ ಹಾಕಿ ಊಟವನ್ನೇ ಬಡಿಸಿ: ಮಧ್ಯಾಹ್ನದ ಅನ್ನ ಹುಳಿ, ಇಲ್ಲವೇ ರೊಟ್ಟಿ ಪಲ್ಯ, ಇಲ್ಲವೇ ಒಂದು ದೋಸೆ ಮತ್ತು ಕಾಳಿನ ಉಸಲಿ. ರಾತ್ರಿ ಏಳೂವರೆ, ಎಂಟರ ಒಳಗೆ ಹಗುರವಾಗಿ ಮೊಸರನ್ನವೋ ಚಪಾತಿಯೋ ತಿಂದು ಮಲಗಲಿ. ನಮ್ಮ ಮನೆಯಲ್ಲಿ ಮಕ್ಕಳು ಚಿಕ್ಕವರಿದ್ದಾಗ ನಡೆಸಿದ್ದು ಇದೇ ಕ್ರಮ. ಮಧ್ಯಾಹ್ನ ತಿನ್ನದೆ ಬಿಟ್ಟ ಬೀನ್ಸ್ ಪಲ್ಯ ನಾಲ್ಕೂವರೆಗೆ ಸದ್ದಿಲ್ಲದೆ ಖಾಲಿಯಾಗುತ್ತಿತ್ತು.

ಹಾಲಿನ ಲೋಟದ ಬಗ್ಗೆಯೂ ಒಂದು ಮಾತು ಹೇಳಬೇಕು. ಹಾಲು ನಮಗೆ ದೇವರಿಗೆ ಸಮ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಊಟ ಬಿಟ್ಟರೂ ‘ಹಾಲಾದ್ರೂ ಕುಡೀಲಿ’ ಎಂಬ ಸಮಾಧಾನ. ಆದರೆ ಹಾಲು ಹೊಟ್ಟೆ ತುಂಬಿಸುತ್ತದೆ, ಅದರಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಕುಡಿಯುವ ಚಿಕ್ಕ ಮಕ್ಕಳಿಗೆ ಊಟ ಹಿಡಿಸದೆ, ರಕ್ತಹೀನತೆ ಬರುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ ಇದೆ. ಇದಕ್ಕೆ ಕಾರಣ ಹಲವು, ಬಡತನವೂ ಅದರಲ್ಲಿ ಒಂದು. ಆದರೆ ಉಳ್ಳವರ ಮನೆಯ ಮಕ್ಕಳನ್ನೂ ಅದು ಬಿಟ್ಟಿಲ್ಲ. ಮಕ್ಕಳಿಗೆ ಟೀ ಕೊಡುವ ಮನೆಗಳೂ ಕಡಿಮೆಯಿಲ್ಲ. ಊಟದ ಜೊತೆಗೋ ಊಟದ ಹಿಂದೆಯೋ ಕುಡಿದ ಟೀ ಊಟದಲ್ಲಿನ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ. ಹಾಲನ್ನೂ ಒಂದು ತಿಂಡಿ ಎಂದೇ ಎಣಿಸಿ, ಅದಕ್ಕೂ ಹೊತ್ತು ಗೊತ್ತು ಮಾಡಿ.

ಹೊತ್ತು ಗೊತ್ತು ಮಾಡುವುದರಿಂದ ಹಲ್ಲಿಗೂ ಲಾಭ. ಸ್ವೀಡನ್ನಿನ ಲುಂಡ್ ಎಂಬ ಊರಿನ ವಿಪೆಹೋಮ್ ಮಾನಸಿಕ ಆಸ್ಪತ್ರೆಯಲ್ಲಿ 1940ರ ದಶಕದಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಅಲ್ಲಿನ ರೋಗಿಗಳಿಗೆ ಬೇರೆ ಬೇರೆ ರೀತಿಯಲ್ಲಿ ಸಿಹಿ ಕೊಟ್ಟು ಹಲ್ಲು ಹುಳುಕಾಗುವುದನ್ನು ಗಮನಿಸಿದರು. ತಮ್ಮ ಪರವಾಗಿ ಮಾತಾಡಲಾರದ ಜನರ ಮೇಲೆ ಮಾಡಿದ ಆ ಕೆಲಸವನ್ನು ಇಂದು ಯಾರೂ ಒಪ್ಪುವುದಿಲ್ಲ. ಆದರೆ ಅದರಿಂದ ತಿಳಿದದ್ದನ್ನು ದಂತವೈದ್ಯರು ಇಂದಿಗೂ ಹೇಳುತ್ತಾರೆ: ಊಟದ ಜೊತೆ ತಿಂದ ಸಿಹಿಯಿಂದ ಆದ ಹಾನಿ ಕಡಿಮೆ, ಊಟಗಳ ನಡುವೆ ಆಗಾಗ ಜಗಿದ ಅಂಟು ಮಿಠಾಯಿಯಿಂದ ಆದ ಹಾನಿ ಬಹಳ. ಸಿಹಿ ಬಾಯಿಗೆ ಬಿದ್ದಾಗಲೆಲ್ಲ ಬಾಯಲ್ಲಿ ಹುಳಿ ಉಂಟಾಗುತ್ತದೆ, ಅದನ್ನು ಎಂಜಲು ತೊಳೆದು ಸರಿಮಾಡಲು ಅರ್ಧ ಮುಕ್ಕಾಲು ಗಂಟೆ ಬೇಕು. ಅಷ್ಟರಲ್ಲಿ ಇನ್ನೊಂದು ಬಿಸ್ಕತ್ತು ಬಿದ್ದರೆ ಹಲ್ಲಿಗೆ ಬಿಡುವೇ ಇಲ್ಲ. ಈ ಪ್ರಯೋಗದ ನಂತರ ಸ್ವೀಡನ್ನಿನಲ್ಲಿ ಒಂದು ಪದ್ಧತಿ ಬೇರೂರಿತು. ಮಕ್ಕಳಿಗೆ ಮಿಠಾಯಿ ಶನಿವಾರ ಮಾತ್ರ. ಇಂದಿಗೂ ಅಲ್ಲಿನ ಮನೆಗಳಲ್ಲಿ ಮಕ್ಕಳು ಶನಿವಾರಕ್ಕೆ ಕಾಯುತ್ತಾರೆ.

ನಮಗೆ ಇದು ಹೊಸದೇನಲ್ಲ. ನಾವು ಚಿಕ್ಕವರಿದ್ದಾಗ ಅಂಗಡಿ ತಿಂಡಿ ಎಂದರೆ ಸಂತೆಯ ದಿನ. ಅಪ್ಪನ ಚೀಲದಲ್ಲಿ ತರಕಾರಿಯ ಮೇಲೆ ಮಂಡಕ್ಕಿ, ಖಾರದ ಪೊಟ್ಟಣ, ಬೆಂಡು ಬತ್ತಾಸು ಇರುತ್ತಿದ್ದವು. ಆ ಸಂಜೆ ತಿಂದು ಮುಗಿಸಿದರೆ ಮತ್ತೆ ಮುಂದಿನ ವಾರವೇ. ಯಾರೂ ಅದನ್ನು ಪೌಷ್ಟಿಕಾಂಶದ ನಿಯಮ ಎಂದು ಹೇಳಿರಲಿಲ್ಲ, ದುಡ್ಡು ಇರಲಿಲ್ಲ ಅಷ್ಟೇ. ಈಗ ಬೀದಿ ಕೊನೆಯ ಅಂಗಡಿಯಲ್ಲಿ ಐದು ರೂಪಾಯಿಯ ಪ್ಯಾಕೆಟುಗಳು ಮಾಲೆಯಂತೆ ತೂಗಾಡುತ್ತವೆ, ದಿನವೂ ಸಂತೆಯೇ. ಹಿಂದೆ ಕೊರತೆ ಮಾಡುತ್ತಿದ್ದ ಕೆಲಸವನ್ನು ಈಗ ನಾವು ತಿಳಿದೂ ತಿಳಿದೂ ಮಾಡಬೇಕಾಗಿದೆ.

ಹಾಗೆಂದು ಕುರುಕಲು ತಿಂಡಿಯನ್ನು ಪೂರ್ತಿ ನಿಷೇಧಿಸುವ ಮನೆಗಳ ಬಗ್ಗೆ ನನಗೆ ಅನುಮಾನವಿದೆ. ಅದಕ್ಕಿಂತ ಹೆಚ್ಚಿನ ಅನುಮಾನ ಮನೆಗೆ ತಂದು, ಮೇಲಿನ ಶೆಲ್ಫಿನಲ್ಲಿ ಬಚ್ಚಿಟ್ಟು, ದಿನವೂ ‘ಬೇಡ’ ಎನ್ನುವವರ ಬಗ್ಗೆ. ಜೆನ್ನಿಫರ್ ಫಿಶರ್ ಮತ್ತು ಲಿಯಾನ್ ಬರ್ಚ್ ಎಂಬ ಸಂಶೋಧಕಿಯರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಣ್ಣೆದುರೇ ಇದ್ದೂ ಕೈಗೆ ಸಿಗದ ತಿಂಡಿಯ ಮೇಲೆ ಮಕ್ಕಳ ಆಸೆ ಇನ್ನೂ ಹೆಚ್ಚಿತ್ತು. ಅದರ ಬಗ್ಗೆಯೇ ಅವರ ಮಾತು, ಅದನ್ನೇ ಕೊಡಿ ಎಂಬ ಬೇಡಿಕೆ. ಆದ್ದರಿಂದ ನಿಯಮ ಹಾಕಬೇಕಾದದ್ದು ಅಂಗಡಿಯಲ್ಲಿ, ದುಡ್ಡು ಕೊಡುವ ಹೊತ್ತಿನಲ್ಲಿ. ಮನೆಯಲ್ಲಿ ಇಲ್ಲದ ಪ್ಯಾಕೆಟಿಗೆ ಯಾರೂ ಜಗಳವಾಡುವುದಿಲ್ಲ. ವಾರಕ್ಕೊಂದು ದಿನ ಗೊತ್ತು ಮಾಡಿ ತನ್ನಿ, ಎಲ್ಲರೂ ಕೂತು ಸಂತೋಷವಾಗಿ ತಿನ್ನಿ. ತಿನ್ನುವಾಗ ಉಪದೇಶ ಬೇಡ. ಉಳಿದ ದಿನಗಳ ಸಂಜೆಗೆ ಬಾಳೆಹಣ್ಣು, ಬೇಯಿಸಿದ ಗೆಣಸು, ಜೋಳ, ಒಗ್ಗರಣೆ ಮಂಡಕ್ಕಿ, ಹುರಿಗಡಲೆ, ಎಳ್ಳುಂಡೆ, ಅವಲಕ್ಕಿ ಇದ್ದೇ ಇವೆ. ನಾಲ್ಕೈದು ವರ್ಷದೊಳಗಿನವರಿಗೆ ಮಾತ್ರ ಕಡಲೆಬೀಜ, ಹುರಿಗಡಲೆಯನ್ನು ಇಡಿಯಾಗಿ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಪುಡಿ ಮಾಡಿ ಕೊಟ್ಟರಾಯಿತು.

ಹಣ್ಣಿನ ರಸ ಎಂದು ಡಬ್ಬಿಯಲ್ಲಿ ಬರುವುದನ್ನು ಹಣ್ಣಿನ ಲೆಕ್ಕಕ್ಕೆ ಸೇರಿಸಬೇಡಿ. ಭಾರತೀಯ ಮಕ್ಕಳ ವೈದ್ಯರ ಸಂಘ 2019ರಲ್ಲಿ ಹೊರಡಿಸಿದ ಸಲಹೆಯಲ್ಲಿ ಎರಡು ವರ್ಷದೊಳಗಿನವರಿಗೆ ಇದು ಬೇಡವೇ ಬೇಡ ಎಂದಿದೆ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 125 ಮಿಲಿ ಲೀಟರ್. ಹಾಲಿಗೆ ಹಾಕುವ ಪುಡಿಗಳ ಕಥೆಯೂ ಅಷ್ಟೇ. ಅಂಥವನ್ನು ‘ಹೆಲ್ತ್ ಡ್ರಿಂಕ್’ ಎಂಬ ಹೆಸರಿನಡಿ ಮಾರಬೇಡಿ ಎಂದು 2024ರಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಆನ್‌ಲೈನ್ ಅಂಗಡಿಗಳಿಗೆ ಹೇಳಬೇಕಾಯಿತು. ಡಬ್ಬದ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಸಕ್ಕರೆ ಎಷ್ಟು ಗ್ರಾಂ ಎಂದು ಬರೆದಿರುತ್ತದೆ. ಒಂದು ಟೀ ಚಮಚ ಎಂದರೆ ಸುಮಾರು ನಾಲ್ಕು ಗ್ರಾಂ. ಭಾಗಿಸಿ ನೋಡಿದರೆ ಸಾಕು.

ಇನ್ನು ‘ಎಲ್ಲಿ’. ಕೂತು ತಿನ್ನಬೇಕು, ಊಟದ ಜಾಗದಲ್ಲಿ ತಿನ್ನಬೇಕು, ತಿನ್ನುವಾಗ ಪರದೆ ಇರಬಾರದು. ಮೊಬೈಲ್ ನೋಡುತ್ತ ತಿನ್ನುವ ಮಗು ಹೆಚ್ಚು ತಿನ್ನುತ್ತದೆ ಎಂದು ತಾಯಂದಿರು ಹೇಳುವುದು ನಿಜವೇ. ಕಣ್ಣು ಅತ್ತ ನೆಟ್ಟಿದ್ದಾಗ ಬಾಯಿ ತಾನಾಗಿ ತೆರೆಯುತ್ತದೆ. ತೊಂದರೆ ಇರುವುದೂ ಅಲ್ಲೇ. ಏನು ತಿಂದೆ, ಹೊಟ್ಟೆ ತುಂಬಿತೇ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಇಂದು ತಾಯಿಗೆ ಅನುಕೂಲವಾದ ಈ ಅಭ್ಯಾಸವೇ ಹದಿನೈದರ ವಯಸ್ಸಿನಲ್ಲಿ ಟಿವಿ ಮುಂದೆ ದೊಡ್ಡ ಪ್ಯಾಕೆಟ್ಟು ಖಾಲಿ ಮಾಡುವ ಅಭ್ಯಾಸವಾಗುತ್ತದೆ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮೂರು ಊಟಕ್ಕೂ ಮೊಬೈಲ್ ಕೊಟ್ಟರೆ ಆ ಒಂದು ಗಂಟೆ ಊಟದಲ್ಲೇ ಮುಗಿಯುತ್ತದೆ.

ಕೈತುತ್ತಿನ ಬಗ್ಗೆ ನನಗೆ ತಕರಾರಿಲ್ಲ. ಅಜ್ಜಿ ಎಲ್ಲ ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕೈಗೆ ತುತ್ತು ಹಾಕುವುದು ನಮ್ಮ ಊಟದ ದೊಡ್ಡ ಸುಖಗಳಲ್ಲಿ ಒಂದು. ಅಲ್ಲಿ ಮಗು ಕೈ ಚಾಚುತ್ತದೆ, ಬೇಡವಾದಾಗ ಕೈ ಹಿಂದೆಗೆಯುತ್ತದೆ. ಬಟ್ಟಲು ಹಿಡಿದು ಮಹಡಿ, ಅಂಗಳ, ಬೀದಿ ಎಂದು ಮಗುವಿನ ಬೆನ್ನಟ್ಟುವುದು ಬೇರೆಯೇ ವ್ಯವಹಾರ. ಅದು ಮಗುವಿಗೆ ಆಟ, ತಾಯಿಗೆ ಬೆನ್ನುನೋವು. ಒಂದೂವರೆ, ಎರಡು ವರ್ಷದಿಂದಲೇ ಮಗು ತಾನೇ ಕಲಸಿ ತಿನ್ನಲಿ. ನೆಲಕ್ಕೆ ಚೆಲ್ಲಿದ್ದನ್ನು ಒರೆಸಬಹುದು. ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಊಟ ಮುಗಿದಂತೆ. ತಿಂದಷ್ಟು ತಿಂದಿತು, ತಟ್ಟೆ ತೆಗೆಯಿರಿ. ಗದರಿಕೆ ಬೇಡ, ಮುನಿಸು ಬೇಡ. ಮುಂದಿನ ಹೊತ್ತು ಹೇಗೂ ಇದೆ.

ಇಲ್ಲಿ ಹಿರಿಯರ ಆಕ್ಷೇಪ ಬರುತ್ತದೆ, ಅದು ಸಣ್ಣದೇನಲ್ಲ. ‘ಅನ್ನ ದೇವರು, ತಟ್ಟೆಯಲ್ಲಿ ಬಿಡಬಾರದು.’ ಒಪ್ಪಿದೆ. ಆದರೆ ತಟ್ಟೆಗೆ ಅಷ್ಟು ಹಾಕಿದವರು ಯಾರು? ಮಗು ಕೇಳದಿದ್ದರೂ ದೊಡ್ಡ ಸೌಟಿನಲ್ಲಿ ಸುರಿದು, ಆಮೇಲೆ ದೇವರ ಹೆಸರಿನಲ್ಲಿ ಹೆದರಿಸುವುದು ಅನ್ಯಾಯ. ಎರಡೇ ತುತ್ತಿನಷ್ಟು ಬಡಿಸಿ, ಬೇಕೆಂದರೆ ಮತ್ತೆ ಕೇಳಲಿ. ಕೇಳಿ ಹಾಕಿಸಿಕೊಂಡದ್ದನ್ನು ಮಕ್ಕಳು ಸಾಮಾನ್ಯವಾಗಿ ಬಿಡುವುದಿಲ್ಲ. ಅನ್ನಕ್ಕೆ ಗೌರವವೂ ಉಳಿಯಿತು, ಹೊಟ್ಟೆಯ ಮಾತು ಕೇಳುವ ಗುಣವೂ ಉಳಿಯಿತು.

ಒತ್ತಾಯ ಕೆಲಸ ಮಾಡುವುದಿಲ್ಲ ಎನ್ನಲು ನನ್ನ ಮಾತೇ ಬೇಕಿಲ್ಲ. ಲಿಯಾನ್ ಬರ್ಚ್ ತಂಡದವರು 2006ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಪುಟ್ಟ ಮಕ್ಕಳಿಗೆ ಎರಡು ಬಗೆಯ ಸೂಪ್ ಕೊಟ್ಟರು. ಒಂದನ್ನು ಕೊಟ್ಟಾಗ ‘ಪೂರ್ತಿ ಕುಡಿ’ ಎಂದು ಮತ್ತೆ ಮತ್ತೆ ಹೇಳಿದರು, ಇನ್ನೊಂದಕ್ಕೆ ಏನೂ ಹೇಳಲಿಲ್ಲ. ಹೇಳದೆ ಬಿಟ್ಟ ಸೂಪೇ ಹೆಚ್ಚು ಖಾಲಿಯಾಯಿತು, ಹೇಳಿಸಿಕೊಂಡ ಸೂಪಿನ ಬಗ್ಗೆ ದೂರುಗಳೇ ಹೆಚ್ಚು ಬಂದವು. ‘ಪಲ್ಯ ತಿಂದರೆ ಚಾಕೊಲೇಟು’ ಎಂಬ ಲಂಚವನ್ನೂ ಅದೇ ಬರ್ಚ್ 1984ರಷ್ಟು ಹಿಂದೆಯೇ ಪರೀಕ್ಷಿಸಿದ್ದರು. ಕುಡಿದರೆ ಬಹುಮಾನ ಎಂದು ಹೇಳಿ ಕುಡಿಸಿದ ಪಾನೀಯದ ಮೇಲೆ ಮಕ್ಕಳ ಇಷ್ಟ ಕಡಿಮೆಯಾಗಿತ್ತು. ಮಗುವಿನ ತರ್ಕ ಸರಿಯಾಗಿಯೇ ಇದೆ: ತಿನ್ನಲು ಲಂಚ ಕೊಡಬೇಕಾದರೆ ಪಲ್ಯ ಕೆಟ್ಟದ್ದೇ ಇರಬೇಕು, ಬಹುಮಾನವಾಗಿ ಕೊಡುವ ಚಾಕೊಲೇಟು ಒಳ್ಳೆಯದೇ ಇರಬೇಕು. ಹೊಸ ತರಕಾರಿಯನ್ನು ಸುಮ್ಮನೆ ತಟ್ಟೆಯ ಅಂಚಿಗೆ ಒಂದು ಚೂರು ಬಡಿಸುತ್ತ ಹೋಗಿ. ಎಂಟು ಹತ್ತು ಸಲ ಕಂಡ ಮೇಲೆ, ಕೆಲವೊಮ್ಮೆ ಹದಿನೈದು ಸಲ ಆದ ಮೇಲೆ, ಮಕ್ಕಳು ಅದನ್ನು ಒಪ್ಪಿಕೊಳ್ಳುತ್ತಾರೆ. ಮೂರನೇ ಸಲಕ್ಕೇ ‘ನಮ್ಮವನಿಗೆ ಹಾಗಲಕಾಯಿ ಸೇರಲ್ಲ’ ಎಂದು ತೀರ್ಪು ಕೊಡುವವರು ನಾವು.

ಮಗು ಒಪ್ಪದಿದ್ದರೆ ಬೇರೆ ಅಡುಗೆ ಮಾಡಬೇಕೇ? ಬೇಡ. ಎಲ್ಲರಿಗೂ ಒಂದೇ ಅಡುಗೆ. ಆದರೆ ಮಗುವಿಗೆ ಖಂಡಿತ ಸೇರುವ ಒಂದಾದರೂ ಪದಾರ್ಥ ತಟ್ಟೆಯಲ್ಲಿರಲಿ. ಅನ್ನ ಮೊಸರು ಇರಬಹುದು, ಚಪಾತಿ ಇರಬಹುದು. ಅದನ್ನಷ್ಟೇ ತಿಂದು ಎದ್ದರೂ ಉಪವಾಸ ಬೀಳುವುದಿಲ್ಲ. ಒಮ್ಮೆ ನೂಡಲ್ಸು ಬೇಯಿಸಿಕೊಟ್ಟರೆ ಮಾತ್ರ, ಊಟ ಬೇಡ ಎಂದರೆ ನೂಡಲ್ಸು ಬರುತ್ತದೆ ಎಂಬ ಪಾಠ ಅದಕ್ಕೆ ಒಂದೇ ದಿನದಲ್ಲಿ ಬಾಯಿಪಾಠ.

ಒಬ್ಬಂಟಿಯಾಗಿ ತಿನ್ನಿಸುವುದಕ್ಕಿಂತ ಸಾಲಾಗಿ ಕೂರಿಸುವುದು ಎಷ್ಟು ಸುಲಭ ಎಂದು ತಿಳಿಯಬೇಕಾದರೆ ಹತ್ತಿರದ ಅಂಗನವಾಡಿಗೋ ಸರ್ಕಾರಿ ಶಾಲೆಗೋ ಬಿಸಿಯೂಟದ ಹೊತ್ತಿಗೆ ಹೋಗಿ ನೋಡಿ. ಗಂಟೆ ಹೊಡೆಯುತ್ತದೆ, ಕೈ ತೊಳೆಯುತ್ತಾರೆ, ಸಾಲಾಗಿ ಕೂರುತ್ತಾರೆ, ಎಲ್ಲರಿಗೂ ಒಂದೇ ಅನ್ನ, ಒಂದೇ ಸಾಂಬಾರು. ಯಾರೂ ಯಾರ ಹಿಂದೆಯೂ ಓಡುವುದಿಲ್ಲ. ಮನೆಯಲ್ಲಿ ಸೊಪ್ಪು ಕಂಡರೆ ಅಳುವ ಮಗು ಅಲ್ಲಿ ಪಕ್ಕದವರನ್ನು ನೋಡಿ ತಿನ್ನುತ್ತದೆ. ಅಡುಗೆ ಸಹಾಯಕಿಯರ ಬಳಿ ಯಾವ ಮಂತ್ರವೂ ಇಲ್ಲ, ಹೊತ್ತು ಮತ್ತು ಜಾಗ ಗೊತ್ತಿದೆ ಅಷ್ಟೇ. ಖಾಸಗಿ ಶಾಲೆಗಳಲ್ಲಿ ಕಷ್ಟ ಬೇರೆ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿಯನ್ನು ಶಾಲೆಯಲ್ಲಿ, ಶಾಲೆಯ ಸುತ್ತ 50 ಮೀಟರ್ ಒಳಗೆ ಮಾರಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಗೇಟಿನ ಎದುರಿನ ಅಂಗಡಿಗೆ ಅದು ತಲುಪಿದೆಯೇ ಎಂದು ಪೋಷಕರ ಸಭೆಯಲ್ಲಿ ಕೇಳುವ ಹಕ್ಕು ನಮಗಿದೆ. ಅಂಕದ ಬಗ್ಗೆ ಕೇಳುವಾಗ ಇದನ್ನೂ ಕೇಳೋಣ.

ಮನೆಯ ನಿಯಮ ಮುರಿಯುವುದು ಹೆಚ್ಚಾಗಿ ಮಕ್ಕಳಿಂದಲ್ಲ. ಅಜ್ಜನ ಜೇಬಿನ ಪೆಪ್ಪರ್‌ಮೆಂಟು, ಸೋದರಮಾವ ತರುವ ಪ್ಯಾಕೆಟ್ಟು, ಇಡೀ ದಿನ ಕೆಲಸಕ್ಕೆ ಹೋಗಿ ಬಂದ ಅಮ್ಮನ ‘ಪಾಪ’ ಇವೇ ಮುರಿಯುವುದು. ಅಜ್ಜ ಅಜ್ಜಿಯ ಜೊತೆ ಜಗಳವಾಡಿ ಯಾರೂ ಗೆದ್ದಿಲ್ಲ. ಅವರಿಗೂ ಒಂದು ಹೊತ್ತು ಕೊಟ್ಟುಬಿಡಿ. ‘ಮಾವ, ಸಂಜೆ ತಿಂಡಿ ನಿಮ್ಮ ಕೈಯಿಂದಲೇ ಕೊಡಿ, ಏನು ಬೇಕೋ ಮಾಡಿಡ್ತೀನಿ’ ಎಂದರೆ ಕೊಡುವ ಸಂತೋಷವೂ ಅವರಿಗಿರುತ್ತದೆ, ಊಟಕ್ಕೆ ಮುಂಚಿನ ಪೆಪ್ಪರ್‌ಮೆಂಟೂ ನಿಲ್ಲುತ್ತದೆ. ಅಪ್ಪಂದಿರಿಗೆ ಒಂದು ಮಾತು: ಕ್ರಿಕೆಟ್ ನೋಡುತ್ತ ಮಿಕ್ಸ್ಚರ್ ಬಟ್ಟಲು ಹಿಡಿದು ಕೂತವರು ಮಗನಿಗೆ ನಿಯಮ ಹೇಳಿದರೆ ಅವನು ಬಟ್ಟಲನ್ನು ನೋಡುತ್ತಾನೆ. ಕೆಲಸಕ್ಕೆ ಹೋಗುವ ತಾಯಂದಿರೇ, ನೀವು ಇಲ್ಲದ ಹೊತ್ತಿನ ಕೊರತೆಯನ್ನು ತಿಂಡಿ ತುಂಬಿಸುವುದಿಲ್ಲ. ಬಂದ ಮೇಲೆ ಹತ್ತು ನಿಮಿಷ ಪಕ್ಕದಲ್ಲಿ ಕೂತರೆ ಸಾಕು.

ಎಲ್ಲ ನಿಯಮಕ್ಕೂ ರಜೆ ಇದೆ. ಹಬ್ಬ, ಜಾತ್ರೆ, ಅಜ್ಜಿ ಮನೆ, ಜ್ವರ, ಪ್ರಯಾಣ ಈ ದಿನಗಳಲ್ಲಿ ಗಡಿಯಾರ ನೋಡಬೇಡಿ. ಆರು ದಿನ ನಡೆದ ಕ್ರಮ ಏಳನೇ ದಿನದ ಹೋಳಿಗೆಯಿಂದ ಹಾಳಾಗುವುದಿಲ್ಲ. ಒಂದು ವರ್ಷದೊಳಗಿನ ಕೂಸಿಗೆ ಈ ಗಂಟೆಯ ಲೆಕ್ಕ ಯಾವುದೂ ಬೇಡ. ಇನ್ನು ಕೆಲವು ಮಕ್ಕಳ ವಿಷಯ ನಿಯಮದಿಂದ ಬಗೆಹರಿಯುವುದಲ್ಲ. ತೂಕ ಇಳಿಯುತ್ತಿದ್ದರೆ, ಬೆಳವಣಿಗೆ ಪಟ್ಟಿಯ ಗೆರೆ ಏರದೆ ನಿಂತಿದ್ದರೆ, ನುಂಗಲು ಒದ್ದಾಡುತ್ತಿದ್ದರೆ, ಎರಡು ಮೂರು ಪದಾರ್ಥ ಬಿಟ್ಟು ಬೇರೆಲ್ಲವನ್ನೂ ತಿಂಗಳುಗಟ್ಟಲೆ ದೂರವಿಡುತ್ತಿದ್ದರೆ ವೈದ್ಯರ ಬಳಿ ಹೋಗಬೇಕು. ಈ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಎಂದೂ ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಊಟವೇ ಸಾಲದ ಮನೆಗೆ ಹೋಗಿ ‘ನಡುವೆ ಏನೂ ಕೊಡಬೇಡಿ’ ಎನ್ನುವುದು ಕ್ರೌರ್ಯ. ನಾನು ಮಾತಾಡುತ್ತಿರುವುದು ಡಬ್ಬ ತುಂಬಿರುವ ಮನೆಗಳ ಬಗ್ಗೆ.

ಅಂಥ ಮನೆಯವರು ಎಲ್ಲವನ್ನೂ ಒಂದೇ ದಿನ ಬದಲಿಸಲು ಹೋಗಬೇಡಿ. ಮೊದಲು ಒಂದನ್ನೇ ಹಿಡಿಯಿರಿ: ಸಂಜೆ ನಾಲ್ಕೂವರೆಗೆ ಊಟ, ಆಮೇಲೆ ರಾತ್ರಿ ಊಟದವರೆಗೆ ನೀರು ಮಾತ್ರ. ಮೊದಲ ಕೆಲವು ದಿನ ಅಳು, ಗೋಗರೆತ, ನೆಲದ ಮೇಲೆ ಹೊರಳಾಟ ಎಲ್ಲ ನಡೆಯುತ್ತದೆ. ಬಿಸ್ಕತ್ತು ಕೊಡದ ನಿಮ್ಮನ್ನು ಮಗು ಕೆಟ್ಟ ಅಮ್ಮ ಎನ್ನಬಹುದು, ಅತ್ತೆಯವರು ಹೌದು ಎಂದು ತಲೆಯಾಡಿಸಬಹುದು. ಆಗ ಕೂಗಾಡದೆ, ಕರಗದೆ, ಒಂದೇ ಮಾತನ್ನು ಒಂದೇ ದನಿಯಲ್ಲಿ ಹೇಳುತ್ತಿರಬೇಕು: ‘ಎಂಟು ಗಂಟೆಗೆ ಊಟ.’ ಎಂಟಕ್ಕೆ ತಟ್ಟೆ ಇಟ್ಟ ಮೇಲೆ ಬಾಯಿ ಮುಚ್ಚಿಕೊಂಡು ನಿಮ್ಮ ಊಟ ನೀವು ಮಾಡಬೇಕು. ಈ ಎರಡರಲ್ಲಿ ಎರಡನೆಯದೇ ಹೆಚ್ಚು ಕಷ್ಟ. ‘ಇನ್ನೊಂದು ತುತ್ತು’ ಎನ್ನದೆ ನೀವು ಒಂದು ಊಟ ಮುಗಿಸಿದರೆ, ಮಗುವಿಗಿಂತ ದೊಡ್ಡ ಪಾಠ ಕಲಿತವರು ನೀವೇ.